ನವಲಿಯಲ್ಲಿ ನಿಲ್ಲದವನು

ಸೈಕಲ್ ರೇಸೆಂದರೆ ಬರೀ ಕಾಲಿನ ಬಲ ಅಂದುಕೊಂಡವರಿಗೆ ಏನು ಹೇಳಲಿ, ನನ್ನ ತಲೆ! ಈ ಆಟ ನಡೆಯುವುದು ಮಾತಿನ ಮೇಲೆ. ಬರೆದಿಟ್ಟ ನಿಯಮಗಳನ್ನು ನೋಡಿಕೊಳ್ಳಲು ಅಂಪೈರುಗಳಿದ್ದಾರೆ. ಬರೆಯದವುಗಳನ್ನು ಗುಂಪಿನಲ್ಲಿ ಓಡುವ ನಾವೇ ಕಾಯಬೇಕು. ಅಂಥದ್ದೊಂದು ಇದು: ರೇಸು ಯಾರದಾದರೂ ಊರಿನ ಮೇಲೆ ಹಾದರೆ, ಆ ಊರಿನವನನ್ನು ಗುಂಪು ಮುಂದೆ ಬಿಡುತ್ತದೆ. ಅವನು ಹೋಗಿ, ಮನೆಯವರ ಕೈಯಿಂದ ನೀರು ಕುಡಿದು, ಗುಂಪು ಬರುವ ತನಕ ನಿಂತಿರಬೇಕು. ಯಾರೂ ಅವನ ಬೆನ್ನು ಹತ್ತುವುದಿಲ್ಲ, ಅವನೂ ಓಡಿಹೋಗುವುದಿಲ್ಲ.

ಅದು ಹಲವು ದಿನಗಳ ರೇಸು, ದಿನಕ್ಕೊಬ್ಬ ಗೆಲ್ಲುತ್ತಾನೆ. ಆ ದಿನ ನಾವು ಕುಷ್ಟಗಿಯಿಂದ ಹೊರಟು ಕನಕಗಿರಿ, ನವಲಿ ಹಾದು, ಗಂಗಾವತಿ ಆಚೆಯ ಕಲ್ಲುಗುಡ್ಡಗಳನ್ನು ಏರಿಳಿದು ಮುನಿರಾಬಾದ್ ಮುಟ್ಟಬೇಕಿತ್ತು. ಹಿಮಾಲಯದ ಏರುಗಳೇನಲ್ಲ, ಸಣ್ಣವೇ. ಆದರೆ ಒಂದರ ಹಿಂದೊಂದು ಬಂದು ಜೀವ ಹಿಂಡುತ್ತವೆ. ನವಲಿ ನಮ್ಮ ತಂಡದ ತಾಹೇರನ ಊರು. ನಾನು ಯಲಬುರ್ಗಾದ ಹಾಲೇಶ, ತಂಡಕ್ಕೆಲ್ಲ ಹಿರಿಯ. ಈ ವರ್ಷ ಒಂದೂ ಗೆಲುವಿಲ್ಲದವರನ್ನು ತೆಗೆದುಹಾಕುವುದಾಗಿ ಮ್ಯಾನೇಜರ್ ಸಾಫ್ ಹೇಳಿದ್ದ. ತಾಹೇರ ಒಮ್ಮೆಯೂ ಗೆದ್ದಿರಲಿಲ್ಲ. ಮುಂದಿನ ದಿನಗಳದು ಸಪಾಟು ರಸ್ತೆ, ಏರು ಹತ್ತುವುದರಲ್ಲಷ್ಟೇ ಗಟ್ಟಿಯಾದ ಅವನಿಗೆ ಅದು ಒಗ್ಗದು. ಅವನಿಗೆ ಉಳಿದಿದ್ದು ಅದೊಂದೇ ದಿನ.

ಕನಕಗಿರಿ ದಾಟುತ್ತಲೇ ತಾಹೇರ ನನ್ನ ಮಗ್ಗುಲಿಗೆ ಬಂದ.

“ಅಣ್ಣಾ, ಅಮ್ಮಾ ದಾರ‍್ಯಾಗ ನಿಂತಾಳ. ಜಾವೇದಣ್ಣಗ ನೀವ ಒಂದ್ ಮಾತ ಹೇಳ್ರಿ.”

ಜಾವೇದ ವಿಜಯಪುರದವನು. ಅಲ್ಲಿಯವರೆಗಿನ ದಿನಗಳ ಒಟ್ಟು ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದವನು ಅವನ ತಂಡದವನಾದ್ದರಿಂದ ಗುಂಪೆಲ್ಲ ಜಾವೇದನ ಮಾತು ಕೇಳುತ್ತಿತ್ತು. ಹೋಗಿ ಕೇಳಿದೆ.

“ಹುಡುಗ ನಿಲ್ತಾನೇನಲೇ ಹಾಲೇಶ?”

“ನಿಲ್ತಾನ. ನಂದು ಜವಾಬ್ದಾರಿ.”

“ನಿಲ್ಲಲಿಲ್ಲಂದ್ರ ನೀನ ಹಿಡದು ತರಬೇಕ ನೋಡು.”

“ಆತು ತಗೋ,” ಅಂದೆ. ತಾಹೇರ ಎಲ್ಲರಿಗೂ ಕೈಯೆತ್ತಿ ಮುಂದೆ ಹೋದ. ನಾವು ಹರಟೆ ಹೊಡೆಯುತ್ತ ನಿಧಾನ ಮಾಡಿದೆವು.

ನವಲಿ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಮುಂದಿನ ಸುದ್ದಿ ತರುವ ಬೈಕಿನವನು ಕೂಗುತ್ತ ಬಂದ: “ಅವ ನಿಂತಿಲ್ಲರೀ! ಊರ ದಾಟಿ ಹೋಗ್ಯಾನ!”

ಎಲಾ ಇವನ! ಸಿಟ್ಟು ನೆತ್ತಿಗೇರಿತು. ಜಾವೇದ ನನ್ನ ಮುಖ ನೋಡಿ, ಮುಂದಕ್ಕೆ ಕೈ ತೋರಿಸಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗುಂಪಿನ ಮುಂದೆ ಹೋಗಿ ತಲೆ ತಗ್ಗಿಸಿ ತುಳಿಯತೊಡಗಿದೆ. ಎದುರುಗಾಳಿಗೆ ನಾನು ಅಡ್ಡ, ನನ್ನ ಮರೆಯಲ್ಲಿ ಉಳಿದವರು.

ನಮ್ಮ ತಂಡದ ಕಾರು ಪಕ್ಕಕ್ಕೆ ಬಂತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಮ್ಯಾನೇಜರ್ ಅರಚಿದ: “ಹುಚ್ಚಗಿಚ್ಚ ಹಿಡದೈತೇನಲೇ? ನಮ್ಮ ಹುಡುಗನ್ನ ನೀನ ಹಿಡೀತಿಯೇನು?”

“ಸುಮ್ನಿರ್ರಿ ಸರ. ಇವತ್ತ ನನ್ನ ಮಾತ ಹೋತಂದ್ರ ನಾಳೆ ನಮ್ಮ ತಂಡದಾಗಿನ ಯಾವಗೂ ಈ ಗುಂಪಿನ್ಯಾಗ ಹನಿ ನೀರ ಸಿಗಂಗಿಲ್ಲ.”

ಹೇಳಿದ್ದು ಖರೆ. ಇವತ್ತಿಗೂ ಖರೆ. ಯಾರು ಏನಾದರೂ ಅನ್ನಲಿ.

ನವಲಿಯಲ್ಲಿ ರಸ್ತೆಯ ಎರಡೂ ಕಡೆ ಜನ. ತಾಹೇರನ ತಾಯಿ ಹಜರತಬೀ ತಂಬಿಗೆ ಹಿಡಿದು ಮುಂದೆಯೇ ನಿಂತಿದ್ದಳು. ಆಕೆಯ ಮನೆಯಲ್ಲಿ ನಾನು ಎಷ್ಟೋ ಸಲ ರೊಟ್ಟಿ ತಿಂದವನು. ಮಗ ನಿಲ್ಲಲಿಲ್ಲವೆಂದು ಅಳುತ್ತಿರಬಹುದು ಅಂದುಕೊಂಡಿದ್ದೆ. ಎಲ್ಲಿಯ ಅಳು! ಮುಖ ಅರಳಿತ್ತು.

“ಜಲ್ದಿ ಹೋಗಪಾ ಹಾಲೇಶ! ನಿನ್ನ ತಮ್ಮ ಒಬ್ಬನ ಮುಂದ ಹೋಗ್ಯಾನ. ಅವನ ಜೋಡಿ ಆಗು!” ಎಂದು ಕೂಗಿ, ಮಗನಿಗೆ ತಂದ ನೀರನ್ನು ನನ್ನ ತಲೆಯ ಮೇಲೆ ಎರಚಿದಳು.

ಅತ್ತ ದರಿ, ಇತ್ತ ಪುಲಿ. ಆದರೂ ಕಾಲು ನಿಲ್ಲಿಸಲಿಲ್ಲ.

ಗಂಗಾವತಿ ಆಚೆ ಗದ್ದೆಗಳು ಮುಗಿದು ಬಂಡೆಗಳು ಶುರುವಾದವು. ಮೊದಲ ಏರಿನಲ್ಲಿ ಅವನು ಕಾಣಲಿಲ್ಲ, ಎರಡನೆಯದರಲ್ಲಿ ಚುಕ್ಕೆಯಷ್ಟು ಕಂಡ. ಸಾಣಾಪುರದ ಏರಿನಲ್ಲಿ ಗುಂಪು ಚದುರಿ ಉದ್ದವಾಯಿತು. ಒಂದು ತಿರುವು ಮುಗಿಸಿದರೆ ಎದುರಿಗೇ ಇದ್ದ. ಸೈಕಲ್ಲು ರಸ್ತೆಯ ಆ ಅಂಚಿಗೆ, ಈ ಅಂಚಿಗೆ ತೂರಾಡುತ್ತಿತ್ತು. ತುಟಿಯ ಮೇಲೆ ಉಪ್ಪುಗಟ್ಟಿತ್ತು.

ಹಿಂದಿರುಗಿ ನೋಡಿದ. ತಿರುವಿನ ಬಂಡೆಯ ಈಚೆಗೆ ಇದ್ದವನು ನಾನೊಬ್ಬನೇ. ನನ್ನನ್ನು ಕಂಡು ತುಳಿಯುವುದನ್ನೇ ನಿಲ್ಲಿಸಿ ನನಗಾಗಿ ಕಾದ. ಅವನ ಕಣ್ಣಲ್ಲಿ ನೀರು ಬಂತು.

“ಬಂದ್ರೇನಣ್ಣಾ? ನೀವು ಬರ‍್ತೀರಂತ ನನಗ ಗೊತ್ತಿತ್ತು. ನನ್ನ ಮುಂದ ಹೋಗಿ ಒಂದಿಷ್ಟ ಎಳೀರಿ, ಈ ಗುಡ್ಡ ದಾಟಿದ್ರ ಸಾಕು. ಅಮ್ಮಾನ ಮುಖ ಸುದ್ದಾ ನೋಡ್ದಂಗ ಬಂದೀನಿ...”

ಬಂಡೆ ಬಳಸಿ ಜಾವೇದ ಬಂದ. ಅವನ ಹಿಂದೆ ಮತ್ತಿಬ್ಬರು, ಅವರ ಹಿಂದೆ ಉಳಿದವರೆಲ್ಲ ಬಂದರು. ತಾಹೇರ ಅವರನ್ನು ನೋಡಿದ, ನನ್ನನ್ನು ನೋಡಿದ.

“ನೀವ ಕರಕೊಂಡ ಬಂದ್ರೇನಣ್ಣಾ?”

“ಹೌದು,” ಅಂದೆ.

ಗುಂಪು ಅವನ ಎರಡೂ ಬದಿಯಿಂದ ಹಾದು ಮೇಲೆ ಹೋಯಿತು. ನಾನೂ ಅವನನ್ನು ದಾಟಿ ಅವರ ಹಿಂದೆ ತುಳಿದೆ.