ತಾಗಿದವರ ಕಡೆಯ ದೀಪ

ಬಿಸ್ಕತ್ತಿನ ತಗಡಿನ ಡಬ್ಬಿಯ ಮೇಲೆ ಎರಡು ಪುಟ್ಟ ದೀಪಗಳು, ಒಂದು ಕೆಂಪು, ಒಂದು ಹಸಿರು. ಕೆಂಪು ನನ್ನದು. ಅದು ಹೊತ್ತಿಕೊಂಡಾಗಲೆಲ್ಲ ಡಬ್ಬಿಯೊಳಗೆ 'ಟಿಕ್' ಎಂದು ಸದ್ದಾಗುತ್ತಿತ್ತು. ಆ ಸದ್ದು ಕೇಳಿದರೆ ಈಗಲೂ ನನ್ನ ಕೈ ತಾನಾಗಿ ಎಡ ಹೆಗಲಿಗೆ ಹೋಗುತ್ತದೆ.

ನಮ್ಮೂರಿನ ಹಳೆಯ ನೂಲಿನ ಗೋದಾಮಿನಲ್ಲಿ ಚಿಣ್ಣಪ್ಪ ಮೇಷ್ಟ್ರು ಹುಡುಗಿಯರಿಗೆ ಫೆನ್ಸಿಂಗ್ ಕಲಿಸುತ್ತಿದ್ದರು. ಸೈನ್ಯದಲ್ಲಿದ್ದಾಗ ಅವರು ಕಲಿತ ವಿದ್ಯೆ. ತುದಿ ಮೊಂಡಾದ ತೆಳು ಕತ್ತಿಯನ್ನು ಎದುರಾಳಿಯ ಮೈಗೆ ತಾಗಿಸಬೇಕು, ಅಷ್ಟೇ ಆಟ. ತಾಗಿತೋ ಇಲ್ಲವೋ ಹೇಳುವವರು ಯಾರು? ಬೇರೆ ಊರುಗಳಲ್ಲಿ ಅದಕ್ಕೆ ತೀರ್ಪುಗಾರರಿದ್ದರು. ನಮ್ಮಲ್ಲಿ ಮೇಷ್ಟ್ರದೊಂದೇ ಕಟ್ಟಳೆ: ತಾಗಿಸಿಕೊಂಡವಳೇ 'ತಾಗಿತು' ಎನ್ನಬೇಕು. ಉಳಿದವರು ಕಣ್ಣಾರೆ ಕಂಡರೂ ಬಾಯಿ ಬಿಡಕೂಡದು.

"ಕತ್ತಿ ಬೀಸೋದನ್ನ ಯಾರು ಬೇಕಾದ್ರೂ ಕಲೀತಾರಮ್ಮ. ತಾಗಿತು ಅನ್ನೋದನ್ನ ಕಲಿಯೋಕೆ ವರ್ಷಗಟ್ಟಲೆ ಬೇಕು," ಎನ್ನುತ್ತಿದ್ದರು.

ವನಮಾಲಾ ನನ್ನ ಗೆಳತಿ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನಾವು. ಯುಗಾದಿಯ ಮರುದಿನ ಅಭ್ಯಾಸದಲ್ಲಿ ಅವಳು ನುಗ್ಗಿ ಬಂದವಳು ಸಟ್ಟನೆ ನಿಂತಳು. ನನ್ನ ಮಾತಿಗೆ ಕಾದಳು. ನಾನು ಏನೂ ಹೇಳಲಿಲ್ಲ. ನನಗೆ ಏನೂ ತಾಗಿದ್ದೇ ತಿಳಿದಿರಲಿಲ್ಲ.

"ಎಡ ಹೆಗಲ ಕೆಳಗೆ ತಾಗ್ತು ಕಣೇ. ನುಂಗ್ಕೊಂಡ್‌ಬಿಟ್ಯಲ್ಲ!"

"ನಾನ್ಯಾಕೆ ನುಂಗ್ಲಿ? ತಾಗಿದ್ರೆ ತಾನೇ ಹೇಳೋದು?" ಎನ್ನುತ್ತ ನಾನು ಹೆಗಲು ಮುಟ್ಟಿ ನೋಡಿಕೊಂಡೆ.

"ನೋಡ್ರೇ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ!"

ಸುತ್ತಲಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ನಮ್ಮಿಬ್ಬರ ಮಾತು ನಿಂತಿತು.

ಆಗ ನಾನು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ನನ್ನ ಬಾಯಿಮಾತು ನಂಬದವಳಿಗೆ ದೀಪ ಹೊತ್ತಿಸಿ ತೋರಿಸುತ್ತೇನೆ ಎಂದು ಹಟ ಹಿಡಿದೆ. ಬಾಲ್‌ಪೆನ್ನಿನ ಸ್ಪ್ರಿಂಗನ್ನು ಕತ್ತಿಯ ತುದಿಗೆ ಕೂರಿಸಿ, ಒತ್ತಿದರೆ ಎರಡು ತಂತಿ ಕೂಡುವ ಹಾಗೆ ಮಾಡಿದೆ. ಕರೆಗಂಟೆಯ ವೈರನ್ನು ಆಟದ ಜಾಕೀಟಿನ ತೋಳಿನೊಳಗೆ ಹಾಯಿಸಿ ಬೆನ್ನ ಹಿಂದೆ ತಂದೆ. ಅದು ಕಾಲಿಗೆ ತೊಡರಬಾರದೆಂದು ಮೇಲೆ ಬಟ್ಟೆ ಒಣಗಿಸುವ ಹಗ್ಗ ಬಿಗಿದು, ಪರದೆಯ ರಿಂಗುಗಳಿಂದ ನೇತುಹಾಕಿದೆ. ಮೊದಲ ಸಲ ದೀಪ ಹೊತ್ತಲೇ ಇಲ್ಲ. ಬಲ್ಬು ಬಿಸಿಯಾಗಿ ಬೆಳಗುವುದರೊಳಗೆ ಕತ್ತಿ ಹಿಂದೆ ಸರಿದಿರುತ್ತಿತ್ತು. ಗುಜರಿಯಿಂದ ರಿಲೇ ಎಂಬ ವಿದ್ಯುತ್ ಸ್ವಿಚ್ಚು ಎರಡನ್ನು ಹುಡುಕಿ ತಂದೆ. ಅವು ಒಮ್ಮೆ ಟಿಕ್ ಎಂದು ಹಿಡಿದರೆ, ಗುಂಡಿ ಒತ್ತಿ ಬಿಡಿಸುವ ತನಕ ದೀಪ ಆರುತ್ತಿರಲಿಲ್ಲ.

ಯಾರ ಕಡೆಯ ದೀಪ ಹೊತ್ತಬೇಕು ಎಂಬ ಪ್ರಶ್ನೆ ನನಗೆ ಹುಟ್ಟಲೇ ಇಲ್ಲ. ತಾಗಿಸಿಕೊಂಡವಳು ತಾನೇ ಬಾಯಿ ಬಿಡಬೇಕಾದವಳು? ಅವಳ ಕಡೆಯದೇ ಹೊತ್ತಬೇಕು. ಹಾಗೆಯೇ ಜೋಡಿಸಿದೆ. ಗೋದಾಮಿನಲ್ಲಿ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ಡಬ್ಬಿ ಸಿದ್ಧವಾದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಒಬ್ಬಳೇ ಪರೀಕ್ಷಿಸಿದೆ. ಜಾಕೀಟು ತೊಟ್ಟು, ಎದುರಾಳಿಯ ಕತ್ತಿಯನ್ನು ಗೋಡೆಯ ಗೂಟಕ್ಕೆ ಬಿಗಿದು, ಅದರ ತುದಿಗೆ ಮೈಯೊಡ್ಡಿದೆ. ಹೊಟ್ಟೆಗೆ ತಾಗಿತು, ಟಿಕ್. ಗುಂಡಿ ಒತ್ತಿ ದೀಪ ಆರಿಸಿದೆ. ಎದೆಗೆ ತಾಗಿತು, ಟಿಕ್. ಮತ್ತೆ ಆರಿಸಿದೆ. ಎಡ ಹೆಗಲ ಕೆಳಗೆ ಒಡ್ಡಿದಾಗ ಮಾತ್ರ ಮೈಗೆ ಏನೂ ತಿಳಿಯಲಿಲ್ಲ, ಆದರೂ ಟಿಕ್ ಎಂದಿತು. ತಿರುಗಿ ನೋಡಿದರೆ ಕೆಂಪು ದೀಪ ಉರಿಯುತ್ತಿತ್ತು. ಜಾಕೀಟು ಹರಿದಿದ್ದ ಆ ಜಾಗದಲ್ಲಿ ಅಮ್ಮ ಹಳೆಯ ಕೌದಿಯ ತುಂಡನ್ನು ದಪ್ಪಗೆ ಮಡಿಸಿಟ್ಟು ಹೊಲಿದಿದ್ದಳು.

ವನಮಾಲಾ ಸುಳ್ಳು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಆದರೆ ಅಂದಿನಿಂದ ನಾನು ಸುಳ್ಳಿನ ಪಾಲಾದೆ. ಕೌದಿಯನ್ನು ಗುಟ್ಟಾಗಿ ಬಿಚ್ಚಿ ಹಾಕಿದೆನೇ ಹೊರತು ಅವಳಿಗೆ ಹೇಳಲಿಲ್ಲ. ಅಷ್ಟೆಲ್ಲ ಜಗಳವಾಡಿದ ಮೇಲೆ ಹೇಳಲು ನಾಚಿಕೆಯಾಗಿತ್ತು.

ಆ ವರ್ಷ ದೊಡ್ಡ ಪಂದ್ಯಕ್ಕೆ ನಮ್ಮಲ್ಲಿಂದ ಒಬ್ಬಳನ್ನು ಕಳಿಸಬೇಕಿತ್ತು. ಕೊನೆಗೆ ಉಳಿದವರು ನಾವಿಬ್ಬರೇ. ಮೊದಲು ಐದು ಸಲ ತಾಗಿಸಿದವಳು ಹೋಗುವುದೆಂದಾಯಿತು. ವಾಮನಮೂರ್ತಿ ಎಂಬ ತೀರ್ಪುಗಾರರು ಹೊರಗಿನಿಂದ ಬಂದರು. ಡಬ್ಬಿ ನೋಡಿ ಹಿಗ್ಗಿದರು.

"ಭೇಷ್! ದೀಪ ಇದೆಯಲ್ಲ, ಇನ್ನು ನಮಗೇನು ಕೆಲಸ?" ಎಂದು ಕುರ್ಚಿಯನ್ನು ಆಟದ ಕಡೆಯಿಂದ ಡಬ್ಬಿಯ ಕಡೆಗೆ ತಿರುಗಿಸಿಕೊಂಡು ಕೂತರು. ದೀಪ ಹೊತ್ತಿದೊಡನೆ ಚೀಟಿಯ ಮೇಲೆ ಗೀಟು ಎಳೆದು, ಗುಂಡಿ ಒತ್ತಿ, "ಹೂಂ, ಆಡಿ," ಎನ್ನುವರು. ಬೇರೆ ಮಾತಿಲ್ಲ. ದೀಪವೇ ಹೇಳುತ್ತದಲ್ಲ ಎಂದು ನಾವೂ ಬಾಯಿ ಮುಚ್ಚಿಕೊಂಡು ಆಡಿದೆವು.

ವನಮಾಲಾ ಅಂದು ಸೊಗಸಾಗಿ ಆಡಿದಳು. ನಾನು ಮೂರು ಸಲ ತಾಗಿಸಿದೆ, ಅವಳು ಐದು ಸಲ. ಮಾಸ್ಕ್ ತೆಗೆದು ಅವಳತ್ತ ಕೈ ಚಾಚುವಷ್ಟರಲ್ಲಿ ವಾಮನಮೂರ್ತಿಗಳು ಬಂದು ನನ್ನ ಕೈಯನ್ನೇ ಮೇಲೆತ್ತಿದರು. "ಕೆಂಪು ಐದು, ಹಸಿರು ಮೂರು. ಕೆಂಪು ಗೆದ್ದಿತು!"

ಹೊರಗೆಲ್ಲ ತಾಗಿಸಿದವರ ಕಡೆಯ ದೀಪ ಹೊತ್ತುತ್ತದಂತೆ. ನಮಗೇನು ಗೊತ್ತು?

ಅಷ್ಟೂ ಹುಡುಗಿಯರಿಗೆ ನಿಜ ಗೊತ್ತಿತ್ತು, ಒಬ್ಬಳೂ ತುಟಿ ಬಿಚ್ಚಲಿಲ್ಲ. ಕಟ್ಟಳೆ ಎಂದರೆ ಕಟ್ಟಳೆ. ಚಿಣ್ಣಪ್ಪ ಮೇಷ್ಟ್ರು ಮೀಸೆ ತೀಡುತ್ತ ನನ್ನನ್ನೇ ನೋಡುತ್ತಿದ್ದರು. ವನಮಾಲಾ ನೆಲ ನೋಡುತ್ತಿದ್ದಳು. ಪಂದ್ಯಕ್ಕೆ ಹೋಗುವ ಆಸೆ ನನಗಿರಲಿಲ್ಲ ಎಂದರೆ ಅದೂ ಸುಳ್ಳೇ. ಒಂದು ಕ್ಷಣ, ಹೌದು, ಪೂರ್ತಿ ಒಂದು ಕ್ಷಣ ಸುಮ್ಮನಿದ್ದೆ.

ಆಮೇಲೆ ಕೈ ಬಿಡಿಸಿಕೊಂಡು "ತಾಗಿತು," ಎಂದೆ.

"ಏನಮ್ಮಾ?"

"ದೀಪ ತಾಗಿದವರ ಕಡೆ ಹೊತ್ತೋದು ಸಾರ್. ಅವಳೇ ಗೆದ್ದಿದ್ದು. ತಾಗಿತು, ತಾಗಿತು, ತಾಗಿತು, ತಾಗಿತು."

ಅಲ್ಲಿಗೆ ಐದಾಯಿತು. ನಾನು ನಿಲ್ಲಿಸಲಿಲ್ಲ. ವನಮಾಲಾಳ ಕಡೆ ತಿರುಗಿ, ಎಡ ಹೆಗಲು ಮುಟ್ಟಿಕೊಂಡು ಇನ್ನೊಮ್ಮೆ ಹೇಳಿದೆ. "ತಾಗಿತು."

ವಾಮನಮೂರ್ತಿಗಳು ಬೆರಳು ಮಡಚಿ ಎಣಿಸುತ್ತಿದ್ದರು. "ಆರಾಯ್ತಲ್ಲಮ್ಮ! ಚೀಟೀಲಿ ಐದೇ ಇರೋದು."

"ಆರನೇದು ಯುಗಾದೀದು ಸಾರ್," ಎಂದಳು ವನಮಾಲಾ. ನಗುತ್ತಿದ್ದಳು, ಕಣ್ಣು ತುಂಬಿತ್ತು. "ಈಗ ಬಂದು ಮುಟ್ಟಿದೆ."

ಅವಳು ಪಂದ್ಯಕ್ಕೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂದಳು. "ಅಲ್ಲಿ ದೀಪಗಳೆಲ್ಲ ತಿರುಗಾಮುರುಗಾ ಕಣೇ!" ಎಂದು ವಾರಗಟ್ಟಲೆ ನಗಿಸಿದಳು. ತಂತಿ ಅದಲುಬದಲು ಮಾಡಲೇ ಎಂದು ಮೇಷ್ಟ್ರನ್ನು ಕೇಳಿದೆ. "ನಮ್ಮದು ಸರಿಯಾಗೇ ಇದೆ. ಅವರಿಗೆ ಬೇಕಾದ್ರೆ ಅವರು ಬದಲಾಯಿಸ್ಕೊಳ್ಳಲಿ," ಎಂದರು.

ಡಬ್ಬಿ ಈಗ ನನ್ನ ಅಡುಗೆಮನೆಯ ಕಪಾಟಿನ ಮೇಲಿದೆ. ವನಮಾಲಾ ನೋಯುವ ಮಂಡಿ ಹಿಡಿದುಕೊಂಡು ಬರುತ್ತಾಳೆ. ನಾನು ಕಾಫಿ ಸೋಸುತ್ತಿರುವಾಗ ಇನ್ನೂ ಡಬ್ಬಿಗೆ ತಂತಿ ಜೋಡಿಸಿಯೇ ಇರುವ ಮೂಲೆಯ ಹಳೆಯ ಕತ್ತಿ ತೆಗೆದು ನನ್ನ ಎಡ ಹೆಗಲಿಗೆ ಮೆಲ್ಲಗೆ ಚುಚ್ಚುತ್ತಾಳೆ. ಟಿಕ್. ನಾನು ತಿರುಗಿ ನೋಡದೆಯೇ "ತಾಗಿತು," ಎನ್ನುತ್ತೇನೆ. ಗುಂಡಿ ಒತ್ತುವ ಆತುರ ಇಬ್ಬರಿಗೂ ಇರುವುದಿಲ್ಲ. ಕಾಫಿ ಮುಗಿಯುವ ತನಕ ಕೆಂಪು ದೀಪ ಉರಿಯುತ್ತಲೇ ಇರುತ್ತದೆ.