ಹಿತ್ತಾಳೆ ಕಿವಿ

ಪಿಟೀಲಿನವನು ತಪ್ಪಿದರೆ ಪಕ್ಕದವನಿಗೆ ಗೊತ್ತಾಗುತ್ತದೆ, ಟ್ರಂಪೆಟ್ಟಿನವನು ತಪ್ಪಿದರೆ ಊರಿಗೇ ಗೊತ್ತಾಗುತ್ತದೆ ಎಂದು ನಮ್ಮ ವಾದ್ಯವೃಂದದಲ್ಲಿ ಒಂದು ಮಾತಿದೆ. ಕಳೆದ ವಸಂತದಲ್ಲಿ ನನ್ನ ತಪ್ಪು ಊರಿಗೆ ಗೊತ್ತಾಯಿತು. ಅವತ್ತು ಟ್ರಂಪೆಟ್ ಒಂದೇ ಶುರುಮಾಡಬೇಕಾದ ಸಿಂಫನಿ. ಸಭಾಂಗಣ ತುಂಬಿತ್ತು, ಕೆಮ್ಮುವವರೆಲ್ಲ ಕೆಮ್ಮಿ ಮುಗಿಸಿದ್ದರು, ಡೊಳ್ಳಿನವನು ಕೂಡ ಕೈಕಟ್ಟಿ ಕೂತಿದ್ದ. ನಾನು ಊದಿದೆ. ಮೇಲಿನ ಸ್ವರ ಹಳೇ ಬಟ್ಟೆಯ ಹಾಗೆ ಪರ್ರೆಂದು ಹರಿಯಿತು. ಮುಂದಿನ ಸಾಲಿನ ಮುದುಕಿಯೊಬ್ಬಳು ನನಗಾಗಿ ಕಣ್ಣು ಮುಚ್ಚಿಕೊಂಡಳು. ಆ ಮರುಕವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ತಪ್ಪು ಟ್ರಂಪೆಟ್ಟಿನದು. ಇಪ್ಪತ್ತು ವರ್ಷ ಊದಿದ ವಾದ್ಯ, ಊದಿ ಊದಿ ಮುಗಿದುಹೋಗಿತ್ತು. ಹಿತ್ತಾಳೆಯೂ ದಣಿಯುತ್ತದೆ, ಅದರೊಳಗಿನ ಜೀವವೂ ಒಂದು ದಿನ ಹೊರಟುಹೋಗುತ್ತದೆ ಎನ್ನುವುದು ನಮ್ಮ ಕಸುಬಿನವರ ನಂಬಿಕೆ. ಇದನ್ನು ನಾನು ಎಲ್ಲರಿಗೂ ವಿವರಿಸಿದೆ. ವೃಂದದ ಆಡಳಿತ ನೋಡುವ ನಿರ್ದೇಶಕರು ತಲೆಯಾಡಿಸಿದರು. ನನ್ನ ಪಕ್ಕದ ಕುರ್ಚಿಯ ಟಿಲ್ಮನ್, ಎರಡನೇ ಟ್ರಂಪೆಟ್ ಊದುವವನು, ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

ನಾನು ಒಳಗೆ ಹೋಗಿ ನಿಂತೆ. ಅವನು ಬೂಟಿನ ದಾರ ಕಟ್ಟಿಕೊಳ್ಳುತ್ತ ಕೂತುಬಿಟ್ಟ. ಆ ದಾರ ಆಗಲೇ ಕಟ್ಟಿತ್ತು.

ಬೇಸಿಗೆ ರಜೆಗೆ ಮುಂಚೆ ನಿರ್ದೇಶಕರು ನನ್ನನ್ನು ಕರೆಸಿ ಮೆತ್ತಗೆ ಹೇಳಿದರು. ಶರತ್ಕಾಲದ ಕಛೇರಿಗಳು ಶುರುವಾಗುವ ಮೊದಲು ಕೋಲು ಹಿಡಿದು ವೃಂದ ನಡೆಸುವ ಸಂಚಾಲಕರು ಮತ್ತು ನಮ್ಮ ಸಾಲಿನವರ ಮುಂದೆ ನಾನೊಮ್ಮೆ ಒಬ್ಬನೇ ನುಡಿಸಬೇಕು. ಒಪ್ಪಿಗೆಯಾದರೆ ಮೊದಲ ಕುರ್ಚಿ ನನ್ನದೇ. ಇಲ್ಲದಿದ್ದರೆ ಟಿಲ್ಮನ್ ಇತ್ತ, ನಾನು ಅತ್ತ. ಸಂಬಳದಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ, ಕುರ್ಚಿ ಒಂದು ಮೊಳ ಸರಿಯುತ್ತದೆ ಅಷ್ಟೆ. ಆದರೆ ಆ ಒಂದು ಮೊಳ ಮುಂದೆ ಬರಲು ನನಗೆ ಅರ್ಧ ಆಯುಷ್ಯ ಹಿಡಿದಿತ್ತು.

"ಹೊಸಾದು ತಗೊಂಡ್ಬಿಡು, ಒಳ್ಳೇದನ್ನೇ ತಗೋ," ಎಂದಳು ಹೈಡ್ರುನ್. "ಹಳೇ ಕಾರೇ ಇನ್ನೆರಡು ವರ್ಷ ಓಡುತ್ತೆ ಬಿಡು."

ಹೈಡ್ರುನ್ ನನ್ನ ಹೆಂಡತಿ. ನಿವೃತ್ತಿಯಾಗುವ ತನಕ ನಮ್ಮ ಊರಿನ ಒಪೆರಾದ ಮೇಳದಲ್ಲಿ ತಗ್ಗು ದನಿಯ ಸಾಲಿನಲ್ಲಿ ಹಾಡಿದವಳು. ಅವಳ ಕಿವಿಯ ಬಗ್ಗೆ ಮೇಳದವರಿಗೆಲ್ಲ ಭಯವಿತ್ತು. ಪಕ್ಕದವಳು ಕೂದಲೆಳೆಯಷ್ಟು ಶ್ರುತಿ ಇಳಿಸಿದರೂ ಇವಳ ಹುಬ್ಬು ಮೇಲೇಳುತ್ತಿತ್ತಂತೆ. ವಿಮರ್ಶಕರು ಬರೆದದ್ದನ್ನು ನಾನು ಓದುವುದಿಲ್ಲ, ಸಂಚಾಲಕರ ಹೊಗಳಿಕೆ ನಂಬುವುದಿಲ್ಲ. ಕಛೇರಿ ಮುಗಿಸಿ ಮನೆಗೆ ಬಂದು, ಬಾಗಿಲಲ್ಲೇ ನಿಂತು, "ಹೇಗಿತ್ತು?" ಎಂದು ಹೈಡ್ರುನ್‌ಳನ್ನು ಕೇಳುತ್ತೇನೆ. ಅವಳು ಚೆನ್ನಾಗಿತ್ತು ಎಂದರೆ ಚೆನ್ನಾಗಿತ್ತು. ವಸಂತದ ಆ ದಿನವೂ ಕೇಳಿದ್ದೆ. "ಆ ಒಂದು ಸ್ವರ ಬಿಟ್ರೆ ಎಲ್ಲಾ ಚೆನ್ನಾಗಿತ್ತು. ಪಾಪ, ಟ್ರಂಪೆಟ್ಟಿಗೂ ಸುಸ್ತಾಗಿದೆ ಕಣೋ," ಅಂದಿದ್ದಳು.

ಹೀಗಾಗಿ ಆಗಸ್ಟಿನ ಒಂದು ಬೆಳಿಗ್ಗೆ ನಾವಿಬ್ಬರೂ ಗುಡ್ಡದ ಮೇಲಿನ ಹಳ್ಳಿಗೆ ಹೋದೆವು. ಅಲ್ಲಿನ ಫೋಲ್ಕ್‌ಮಾರ್ ಮೇಸ್ತ್ರಿಯ ಟ್ರಂಪೆಟ್ ಕಾರ್ಖಾನೆ ನಮ್ಮ ಸೀಮೆಯ ಊದುವವರಿಗೆಲ್ಲ ಗೊತ್ತು. ಮನುಷ್ಯ ಬಾಯಿಬಡುಕ. ಮಾರುವ ಮಾತು, ಹರಟೆ, ಸುಳ್ಳು ಮೂರನ್ನೂ ಒಂದೇ ಉಸಿರಿನಲ್ಲಿ ಆಡಬಲ್ಲ. ಆದರೆ ಕೈ ಒಳ್ಳೆಯದು. ಹಿತ್ತಾಳೆಯ ತಗಡನ್ನು ಸುತ್ತಿ, ಬಡಿದು, ತುದಿಯ ಅಗಲ ಬಾಯನ್ನು ಅರಳಿಸುವುದು ಈಗಲೂ ಸುತ್ತಿಗೆಯಿಂದಲೇ.

"ಬನ್ನಿ ಬನ್ನಿ, ಬನ್ನಿ ಅಮ್ಮ! ನಿಮಗೋಸ್ಕರ ಮೂರು ತೆಗೆದಿಟ್ಟಿದ್ದೀನಿ. ಮೂರೂ ನನ್ನ ಹೆಣ್ಮಕ್ಕಳಿದ್ದ ಹಾಗೆ. ಯಾವುದನ್ನ ಬೇಕಾದ್ರೂ ಕರ್ಕೊಂಡು ಹೋಗಿ, ಬೈಯೋ ಹಾಗಿಲ್ಲ ಮಾತ್ರ."

"ಇವರು ಬೈಯೋದು ಟ್ರಂಪೆಟ್ಟಿಗೆ ಮಾತ್ರ," ಎಂದಳು ಹೈಡ್ರುನ್. ಮೇಸ್ತ್ರಿ ಹೊಟ್ಟೆ ಕುಣಿಸಿ ನಕ್ಕ. ನಾನೂ ನಕ್ಕೆ.

ಮೇಲಿನ ಮರದ ನೆಲದ ಕೋಣೆಯಲ್ಲಿ, ಹಸಿರು ಬಟ್ಟೆಯ ಮೇಲೆ ಮೂರೂ ಮಲಗಿದ್ದವು. ಮೂರೂ ನಮ್ಮ ರೀತಿಯವೇ, ಅಡ್ಡಡ್ಡ ಹಿಡಿಯುವಂಥವು, ಬೆರಳು ಒತ್ತಿದರೆ ವಾಲ್ವ್ ಒಳಗೇ ತಿರುಗುವಂಥವು. ಪಂಪಿನ ಹಾಗೆ ಮೇಲೆ ಕೆಳಗೆ ಒತ್ತುವ ಟ್ರಂಪೆಟ್ ಹಿಡಿದು ನಮ್ಮ ವೇದಿಕೆ ಹತ್ತಿದರೆ, ಹೋಟೆಲಿನಲ್ಲಿ ಊದುವವನು ದಾರಿ ತಪ್ಪಿ ಬಂದ ಎನ್ನುತ್ತಾರೆ. ಮೊದಲನೆಯದು ಹಳದಿ ಹಿತ್ತಾಳೆ. ಎರಡನೆಯದಕ್ಕೆ ಬೆಳ್ಳಿಯ ಲೇಪ. ಮೂರನೆಯದು ತಾಮ್ರ ಹೆಚ್ಚು ಬೆರೆತ ಕೆಂಪು ಹಿತ್ತಾಳೆ, ಮಾಗಿದ ಏಪ್ರಿಕಾಟಿನ ಬಣ್ಣ. ಕೈಗೆ ತೆಗೆದುಕೊಂಡ ಕೂಡಲೇ ನನ್ನ ಮನಸ್ಸು ಮೂರನೆಯದಕ್ಕೆ ಬಿತ್ತು.

ಅದಕ್ಕೇ ಬೆನ್ನು ಹಾಕಿ ಕೇಳುವ ಪದ್ಧತಿ. ಟ್ರಂಪೆಟ್ ಆರಿಸುವಾಗ ಕಣ್ಣಿನಷ್ಟು ಮೋಸ ಮಾಡುವುದು ಬೇರೊಂದಿಲ್ಲ. ಕೆಂಪಗಿದ್ದರೆ ದನಿ ಬೆಚ್ಚಗಿದೆ ಅನ್ನಿಸುತ್ತದೆ, ಬೆಳ್ಳಿಯಿದ್ದರೆ ಹೊಳೆಯುತ್ತದೆ ಅನ್ನಿಸುತ್ತದೆ. ಊದುವವನಿಗಂತೂ ದನಿ ಒಳಗಿನಿಂದಲೇ ಕೇಳಿಸುತ್ತದೆ, ತನ್ನ ತಲೆಬುರುಡೆಯೇ ಅಡ್ಡ. ಆದ್ದರಿಂದ ನಂಬಿಕೆಯವರೊಬ್ಬರು ಗೋಡೆಗೆ ಮುಖಮಾಡಿ ಕೂರಬೇಕು, ಊದುವವನು ಒಂದೇ ಸಾಲನ್ನು ಒಂದೊಂದರಲ್ಲೂ ಊದಬೇಕು, ತುಟಿ ಪಿಟ್ಟೆನ್ನಬಾರದು. ಗಟ್ಟಿಯಾಗಿ ಊದುವುದು ಪರೀಕ್ಷೆಯಲ್ಲ, ಗಟ್ಟಿಯಾಗಿ ಕಾರಿನ ಹಾರ್ನೂ ಊದುತ್ತದೆ. ಮೆಲ್ಲಗೆ, ಮೇಲಿನ ಸ್ವರದಲ್ಲಿ, ಉಸಿರು ಕಾಣದ ಹಾಗೆ ಶುರುಮಾಡಿ ಅದೇ ಬಣ್ಣದಲ್ಲಿ ಮುಗಿಸಬೇಕು. ಒಳ್ಳೆಯ ಟ್ರಂಪೆಟ್ ಗೊತ್ತಾಗುವುದು ಅಲ್ಲಿ.

"ಬೆನ್ನು ಹಾಕಿ ಕೂತ್ರೆ ನಂಗೆ ನಿದ್ದೆ ಬರುತ್ತೆ ಅಷ್ಟೇ," ಎನ್ನುತ್ತ ಹೈಡ್ರುನ್ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಹೊರಗೆ ಯಾರೋ ಹುಲ್ಲು ಕೊಯ್ದು ಒಣಹಾಕಿದ್ದರು.

ತುಟಿಗಿಡುವ ನನ್ನ ಹಳೆಯ ಮೌತ್‌ಪೀಸನ್ನೇ ಮೊದಲನೆಯದಕ್ಕೆ ಸಿಕ್ಕಿಸಿ ಊದಿದೆ.

"ಪರವಾಗಿಲ್ಲ," ಎಂದಿತು ಬೆನ್ನು. "ಸ್ವಲ್ಪ ಗಡಸು."

ಎರಡನೆಯದು.

"ಇದು ಚೆನ್ನಾಗಿದೆ... ಮ್, ಚೆನ್ನಾಗೇ ಇದೆ. ಮುಂದಿಂದು?"

ಮೂರನೆಯದನ್ನು ಎತ್ತಿದೆ. ಎಷ್ಟು ಹಗುರ, ಎಷ್ಟು ಸಲೀಸು! ಉಸಿರು ಬಿಡುವ ಮೊದಲೇ ಸ್ವರ ಅಲ್ಲಿ ಕಾಯುತ್ತ ನಿಂತ ಹಾಗಿತ್ತು. ಹರೆಯದಲ್ಲಿ ಊದುತ್ತಿದ್ದಂತೆ ಊದಿದೆ ಎಂದೇ ನನಗನ್ನಿಸಿತು. ಎದೆ ತುಂಬಿಬಂತು. ಮುಗಿಸಿ ಅವಳ ಬೆನ್ನನ್ನೇ ನೋಡುತ್ತ ನಿಂತೆ.

"ಊಹುಂ," ಎಂದಳು. "ತೆಳು. ಅಂಚು ನಡುಗುತ್ತೆ. ಇದು ಬೇಡ ಮಾರಾಯ, ಎರಡನೇದನ್ನೇ ಇನ್ನೊಂದ್ಸಲ ಊದು."

ಸಿಟ್ಟು ನೆತ್ತಿಗೇರಿತು. ಮಾತಾಡುವ ಹಾಗಿಲ್ಲವಲ್ಲ. ನಡುವಿನ ವಾಲ್ವಿನ ಮೇಲೆ ಬೆರಳಿಟ್ಟು, ಇದು ಅಂಟುತ್ತಿದೆ ಎಂದು ಮೇಸ್ತ್ರಿಗೆ ಸನ್ನೆ ಮಾಡಿದೆ. ನಿಜಕ್ಕೂ ಅಂಟುತ್ತಿತ್ತೋ ಇಲ್ಲವೋ, ಅಂಟುತ್ತಿದೆ ಎಂದು ನನಗಂತೂ ಅನ್ನಿಸಿತ್ತು. ಅವನು ಟ್ರಂಪೆಟ್ ಇಸಿದುಕೊಂಡ. ಎರಡು ತೊಟ್ಟು ಎಣ್ಣೆ ಬಿಟ್ಟ. ನಾನು ಸ್ಟೂಲಿನ ಮೇಲೆ ಕೂತು ಮೌತ್‌ಪೀಸ್ ಒರೆಸತೊಡಗಿದೆ. ಅವನು ಏಪ್ರನ್ನಿನ ಜೇಬಿನಿಂದ ತನ್ನದೇ ಮೌತ್‌ಪೀಸ್ ತೆಗೆದು ಸಿಕ್ಕಿಸಿ, ವಾಲ್ವ್ ಸರಿಯಾಯಿತೇ ಎಂದು ನೋಡಲು, ನಾನು ಊದಿದ ಸಾಲನ್ನೇ ಊದಿದ. ಭಾನುವಾರಗಳಲ್ಲಿ ಚರ್ಚಿನಲ್ಲಿ ಊದುವವನು ಅವನು, ಅಷ್ಟೆ.

ಮೇಲಿನ ಸ್ವರ ಬಂತು. ಎಲ್ಲಿಂದ ಶುರುವಾಯಿತು ಎಂದು ತಿಳಿಯಲಿಲ್ಲ. ದುಂಡಗೆ, ಬೆಚ್ಚಗೆ, ಕೋಣೆಯ ಮೂಲೆಮೂಲೆಗೂ ಹೋಗಿ ನಿಂತಿತು.

ಹೈಡ್ರುನ್ ಎದ್ದು ನಿಂತಳು. ತಿರುಗಲಿಲ್ಲ. ಕಿಟಕಿಯ ಕಟ್ಟೆ ಹಿಡಿದುಕೊಂಡಳು.

"ಎಕಾರ್ಟ್!" ಎಂದಳು. ನನ್ನ ಹೆಸರನ್ನು ಅವಳು ಹಾಗೆ ಕರೆದು ಯಾವ ಕಾಲವಾಗಿತ್ತೋ. "ಇದೇ! ಅಯ್ಯೋ ದೇವರೇ, ಇದೇ ಕಣೋ! ಇದೇ ನಿನ್ನ ದನಿ! ಎಲ್ಲಿ ಹೋಗಿತ್ತೋ ಇಷ್ಟು ವರ್ಷ? ಇನ್ನು ಈ ಜನ್ಮದಲ್ಲಿ ಕೇಳ್ತೀನಿ ಅಂತ ಅಂದ್ಕೊಂಡಿರಲಿಲ್ಲ..."

ಕಣ್ಣು ಒರೆಸಿಕೊಳ್ಳುತ್ತ ತಿರುಗಿದಳು. ಮೇಸ್ತ್ರಿಯ ತುಟಿಯಲ್ಲಿ ಟ್ರಂಪೆಟ್ ಇನ್ನೂ ಇತ್ತು. ನಾನು ಸ್ಟೂಲಿನ ಮೇಲೆ ಬಟ್ಟೆ ಹಿಡಿದು ಕೂತಿದ್ದೆ.

ಮೊದಲು ಬಾಯಿ ತೆರೆದವನು ಮೇಸ್ತ್ರಿಯೇ. ಮುಖ ಕೆಂಪಾಗಿತ್ತು. "ಎಣ್ಣೆ ಬಿದ್ದ ಮೇಲೆ ನೋಡಿ, ವಾಲ್ವು... ಎಣ್ಣೆ ಇಲ್ಲದಿದ್ರೆ ಯಾರು ಊದಿದ್ರೂ ಅಷ್ಟೇ. ಬೆಳಿಗ್ಗೆ ಚಳಿ ಬೇರೆ..." ಆಗಸ್ಟಿನ ನಡುಬೇಸಿಗೆಯಲ್ಲಿ ಚಳಿ!

"ಇದು ಎಷ್ಟನೇದು ಮೇಸ್ತ್ರಿಗಳೇ?" ಎಂದೆ. ನನಗೆ ಗೊತ್ತಿತ್ತು. ಅವಳಿಗೆ ಕೇಳಿಸಲಿ ಎಂದೇ ಕೇಳಿದೆ.

"ಅದೇ... ಮೂರನೇದು."

"ಮೂರನೇದನ್ನೇ ಕಟ್ಟಿಕೊಡಿ. ನಮ್ಮ ಮನೆಯವರಿಗೆ ಹಿಡಿಸಿದೆ."

ಚಾಡಿ ಮಾತನ್ನೆಲ್ಲ ನಂಬುವವನಿಗೆ ಹಿತ್ತಾಳೆ ಕಿವಿ ಎನ್ನುತ್ತಾರೆ. ಹೊಗಳಿಕೆಯನ್ನು ನಂಬುವವನಿಗೆ ಬೇರೆ ಹೆಸರಿಲ್ಲ. ನನ್ನದೂ ಅದೇ ಕಿವಿ, ಬಡಿದು ಬಡಿದು ಚೆನ್ನಾಗಿ ಅರಳಿಸಿದ್ದು. ಇಡೀ ವೃಂದಕ್ಕೆ ಕೇಳಿಸಿದ್ದು, ಮುಂದಿನ ಸಾಲಿನ ಮುದುಕಿಗೆ ಕೇಳಿಸಿದ್ದು ನನಗೊಬ್ಬನಿಗೆ ಕೇಳಿಸಿರಲಿಲ್ಲ. ಮನೆಯಲ್ಲಿ ಚೆನ್ನಾಗಿತ್ತು ಎನ್ನುವವಳೊಬ್ಬಳು ಇದ್ದಳಲ್ಲ!

ಹಳ್ಳಿಯ ಊಟದ ಮನೆಯಲ್ಲಿ ಮೊದಲೇ ಜಾಗ ಹೇಳಿಟ್ಟಿದ್ದೆವು. ಹೋಗದಿದ್ದರೆ ಏನೋ ಆಯಿತೆಂದು ಒಪ್ಪಿಕೊಂಡ ಹಾಗೆ. ಹೋದೆವು. ಆಲೂಗಡ್ಡೆಯ ಉಂಡೆ, ಹುರಿದ ಹಂದಿಮಾಂಸ, ಕೆಂಪು ಎಲೆಕೋಸು ಬಂದವು. ಹೈಡ್ರುನ್ ಉಂಡೆಯನ್ನು ಫೋರ್ಕಿನಿಂದ ಹರಿಯುತ್ತಿದ್ದಳು, ತಿನ್ನುತ್ತಿರಲಿಲ್ಲ.

"ಎಷ್ಟು ವರ್ಷದಿಂದ?" ಎಂದೆ.

"ಏನು ಎಷ್ಟು ವರ್ಷ?"

"ಗೊತ್ತಿಲ್ಲದವಳ ಹಾಗೆ ಆಡಬೇಡ."

"ಮೂರು," ಎಂದಳು. ಸ್ವಲ್ಪ ತಡೆದು, "ನಾಲ್ಕು ಇರ್ಬಹುದು. ನಿನ್ನ ಮುಂದಿನ ಹಲ್ಲು ಕಟ್ಟಿಸಿದ ಮೇಲೆ ತುಟಿ ಮೊದಲಿನ ಹಾಗೆ ಕೂರ್ತಿಲ್ಲ."

"ಮತ್ತೆ ಪ್ರತಿಸಲ ಚೆನ್ನಾಗಿತ್ತು, ಚೆನ್ನಾಗಿತ್ತು ಅಂತಿದ್ದವರು ಯಾರು?"

"ನಿನ್ನ ಹೆಂಡ್ತಿ."

"ಇವತ್ತು ಹೇಳಿದ್ದು?"

"ಇವತ್ತು ನಿನ್ನ ಮುಖ ಕಾಣ್ತಿರಲಿಲ್ಲ." ಅವಳು ಫೋರ್ಕನ್ನು ಟಪ್ಪೆಂದು ಕೆಳಗಿಟ್ಟಳು. ಈಗ ಅವಳಿಗೂ ಸಿಟ್ಟು ಬಂದಿತ್ತು. "ಏನು ಮಾಡ್ಬೇಕಿತ್ತು ನಾನು? ಕೋಟು ಕೂಡ ಬಿಚ್ಚದೆ ಬಾಗಿಲಲ್ಲಿ ನಿಂತು ಹೇಗಿತ್ತು ಅಂತೀಯ. ಆ ಮುಖ ಹೇಗಿರುತ್ತೆ ಅಂತ ಕನ್ನಡೀಲಿ ನೋಡ್ಕೊಂಡಿದ್ದೀಯಾ ಯಾವತ್ತಾದ್ರೂ? ಭಿಕ್ಷೆ ಬೇಡೋರ ಮುಖ ಕಣೋ ಅದು. ಹಸಿದವನಿಗೆ ಇಲ್ಲ, ಮುಂದೆ ಹೋಗು ಅನ್ಲಾ?"

"ನೀನು ಹಾಕಿದ ಭಿಕ್ಷೆ ತಿಂದೇ ನಾನು ಆ ವೇದಿಕೆ ಹತ್ತಿದ್ದು! ನೀನು ಹೇಳಿದ್ರೆ ನಾನೇ ಮರ್ಯಾದೆಯಿಂದ ಇಳಿದಿರ್ತಿದ್ದೆ. ಊರೆಲ್ಲಾ ನಕ್ಕಮೇಲೆ ಇಳೀಬೇಕಾಗಿರಲಿಲ್ಲ."

"ಇಳೀತಿದ್ದೆಯಾ?" ಎಂದಳು. ನೇರವಾಗಿ ನನ್ನ ಕಣ್ಣೊಳಗೇ ನೋಡಿ ಕೇಳಿದಳು. "ನಿಜ ಹೇಳು. ನಾನು ಹೇಳಿದ್ರೆ ಇಳೀತಿದ್ದೆಯಾ, ಇಲ್ಲಾ ನನ್ನ ಕಿವಿ ಹೋಗಿದೆ ಅಂತಿದ್ದೆಯಾ?"

ನಾನು ಎಲೆಕೋಸನ್ನು ತಟ್ಟೆಯ ಅಂಚಿಗೆ ಸರಿಸಿದೆ. ಊಟದ ಮನೆಯವಳು ಬಂದು, ರುಚಿಯಾಗಿತ್ತಾ ಎಂದು ಕೇಳಿದಳು. ಇಬ್ಬರೂ ಒಟ್ಟಿಗೇ ಚೆನ್ನಾಗಿತ್ತು ಎಂದೆವು.

ಆಮೇಲೆ ಒಂದು ವಾರ ಮನೆಯಲ್ಲಿ ಉಪ್ಪು ಕೊಡು, ಕಿಟಕಿ ಹಾಕು ಎನ್ನುವಷ್ಟೇ ಮಾತು. ಹೊಸ ಟ್ರಂಪೆಟ್ಟನ್ನು ನಾನು ಹಗಲೆಲ್ಲ ಊದಿದೆ. ಈಗ ನನಗೂ ಕೇಳಿಸುತ್ತಿತ್ತು. ಒಮ್ಮೆ ಕೇಳಿಸಿದ ಮೇಲೆ ಕೇಳಿಸದ ಹಾಗೆ ಮಾಡಿಕೊಳ್ಳುವ ಉಪಾಯ ಯಾರಿಗೂ ಗೊತ್ತಿಲ್ಲ. ಸ್ವರದ ಅಂಚು ನಡುಗುತ್ತಿತ್ತು. ಮೇಲಕ್ಕೆ ಹೋದಷ್ಟೂ ತೆಳ್ಳಗಾಗುತ್ತಿತ್ತು. ಮೇಸ್ತ್ರಿ ಕೊಟ್ಟಿದ್ದು ಅಪ್ಪಟ ಮಾಲು, ಅದರಲ್ಲಿ ಎರಡು ಮಾತಿಲ್ಲ. ಅಂಥ ಟ್ರಂಪೆಟ್ಟಿನ ಮೇಲೆ ತಪ್ಪು ಹೊರಿಸುವ ಹಾಗೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ, ಅವರೆಲ್ಲರ ಮುಂದೆ ನುಡಿಸುವ ದಿನಕ್ಕೆ ಮುಂಚೆಯೇ, ನಿರ್ದೇಶಕರ ಕೋಣೆಗೆ ಹೋಗಿ ಹೇಳಿ ಬಂದೆ. ಅವರು ಎದ್ದು ನನ್ನ ಕೈ ಕುಲುಕಿದರು, ಇದು ದೊಡ್ಡಗುಣ ಎಂದರು. ಕಷ್ಟದ ಕೆಲಸವೊಂದು ತಾನಾಗಿಯೇ ತಪ್ಪಿದಾಗ ಜನಕ್ಕೆ ಎದುರಿನವನ ದೊಡ್ಡಗುಣ ಕಾಣಿಸುತ್ತದೆ.

ಮನೆಗೆ ಬಂದಾಗ ಹೈಡ್ರುನ್ ಅಡುಗೆಮನೆಯಲ್ಲಿ ಕೇಕಿಗೆಂದು ಪ್ಲಮ್ ಹಣ್ಣು ಸೀಳಿ ಬೀಜ ತೆಗೆಯುತ್ತಿದ್ದಳು. ಬೆರಳೆಲ್ಲ ನೇರಳೆ ಬಣ್ಣ.

"ಪರೀಕ್ಷೆ ಬೇಡ ಅಂದೆ," ಎಂದೆ. "ಎರಡನೇ ಕುರ್ಚಿಗೆ ಒಪ್ಪಿಕೊಂಡು ಬಂದೆ. ಟಿಲ್ಮನ್ ಮೊದಲನೇದಕ್ಕೆ ಬರ್ತಾನೆ."

"ಅಯ್ಯೋ, ಯಾಕೋ?" ಎಂದಳು ತಕ್ಷಣ. "ಇಷ್ಟು ಬೇಗ ಯಾಕೆ? ಹೊಸಾ ಟ್ರಂಪೆಟ್ಟು, ಇನ್ನೂ ಕೈಗೆ ಕೂತಿಲ್ಲ. ಒಂದ್ಸಲ ಊದಿ ನೋಡ್ಬೇಕಿತ್ತು. ಇನ್ನೊಮ್ಮೆ ಯೋಚನೆ ಮಾಡು."

ಹೇಳಬೇಕಾದ ಮಾತೆಲ್ಲವನ್ನೂ ಹೇಳಿದಳು. ನಾನು ಕೋಟು ಬಿಚ್ಚುವ ನೆಪದಲ್ಲಿ ಹಜಾರಕ್ಕೆ ಬಂದು, ಅರ್ಧ ತೆರೆದ ಬಾಗಿಲ ಹಿಂದೆ ನಿಂತೆ. ನಾನು ಹೋದೆನೆಂದುಕೊಂಡು ಅವಳು ಚಾಕು ಕೆಳಗಿಟ್ಟಳು. ಎರಡೂ ಕೈಯನ್ನು ಮೇಜಿನ ಮೇಲೆ ಊರಿದಳು, ತಲೆ ತಗ್ಗಿಸಿದಳು. ಆಮೇಲೆ ಹೊತ್ತ ಹೊರೆ ಇಳಿಸಿದವಳ ಹಾಗೆ ಒಂದು ಉಸಿರು ಬಿಟ್ಟಳು. ಒಂದೇ ಸಮನೆ, ಎಲ್ಲೂ ನಡುಗದೆ, ಮುಗಿಯುವುದೇ ಇಲ್ಲವೇನೋ ಎಂಬಷ್ಟು ಉದ್ದದ ಉಸಿರು. ಅಂಥದ್ದು ನನ್ನ ಎದೆಯಲ್ಲಿ ಇದ್ದಿದ್ದರೆ ಆ ಕುರ್ಚಿ ಬಿಡಬೇಕಾಗಿರಲಿಲ್ಲ.

ಅವಳು ಹೇಳಿದ ಸುಳ್ಳುಗಳನ್ನು ನಾನು ಎಂದೋ ಕ್ಷಮಿಸಿದ್ದೇನೆ. ಆ ಉಸಿರನ್ನು ಕ್ಷಮಿಸಲು ಆಗಿಲ್ಲ.