ಬಸವಣ್ಣೆವ್ವನ ಟ್ರ್ಯಾಕ್ಟರಿಗೆ ಒಂದು ಕಾರ್ಡು

ಉಳುವಾಗ ಟ್ರ್ಯಾಕ್ಟರು ಚಂದಾಗಿ ಓಡುತ್ತಿತ್ತು. ಬಿತ್ತುವಾಗಲೂ ತಕರಾರಿರಲಿಲ್ಲ. ಬೆಳೆ ಎದೆಯೆತ್ತರ ಬಂದು ತೆನೆ ತೂಗಾಡತೊಡಗಿತೋ, ಕಂಪ್ಯೂಟರಿನ ತೆರೆ ತಡವರಿಸುತ್ತಿತ್ತು. ಬಸವಣ್ಣೆವ್ವನ ಟ್ರ್ಯಾಕ್ಟರು ಮಾರುದ್ದ ಹೋಗಿ ನಿಲ್ಲುವುದು, ಮತ್ತೆ ಮಾರುದ್ದ ಹೋಗಿ ನಿಲ್ಲುವುದು, ಕಡೆಗೆ ಹೊಲ, ಆಕಾಶ, ಹಕ್ಕಿ ಎಲ್ಲವೂ ಕಲ್ಲಾಗಿ ಕೂತುಬಿಡುವುದು.

"ಬೆಳಿಯೂತನಕ ಎಲ್ಲಾ ಛಲೋ. ಕೊಯ್ಯಾಕ ಬಂದ್ರ ನಿಂತಬಿಡ್ತದ ನೋಡ್ರಿ," ಎಂದು ಆಕೆ ಗಂಡನ ಮುಂದೆ ಗೊಣಗುತ್ತಿದ್ದಳು.

"ಆಟದಾಗಿನ ಜ್ವಾಳಾ ಕೊಯ್ದು ಏನ ರೊಟ್ಟಿ ಬಡೀತಿ?" ಎಂದು ಹೊಳಬಸಪ್ಪ ನಗುತ್ತಿದ್ದ. ಮರಾಠಿ ಸೀಮೆಯ ಪಿಂಪ್ರಿಯಲ್ಲಿ ಅವನದು ನಟ್ಟು, ಬೋಲ್ಟು, ಕಬ್ಬಿಣದ ಸಾಮಾನಿನ ಅಂಗಡಿ. ಅಂಗಡಿಗೆ ಹೊಸ ಕಂಪ್ಯೂಟರು ಬಂದಾಗ, ಬಿಲ್ಲು ಹೊಡೆದು ಹೊಡೆದು ಹಳತಾದ ಈ ಡಬ್ಬಿ ಚಿಂಚವಾಡದ ಮನೆ ಸೇರಿತ್ತು.

ಬಸವಣ್ಣೆವ್ವ ಇಂಡಿ ಕಡೆಯ ಹೆಣ್ಣುಮಗಳು. ತವರಿಗೆ ಕೆಂಪು ಟ್ರ್ಯಾಕ್ಟರು ಬಂದ ವರ್ಷ ಅವಳಿನ್ನೂ ಲಂಗ ಹಾಕುತ್ತಿದ್ದಳು. ಅಣ್ಣಂದಿರು ಸ್ಟೇರಿಂಗ್ ಹಿಡಿದರು. ಅವಳಿಗೆ ಸಿಕ್ಕಿದ್ದು ಮಡ್‌ಗಾರ್ಡಿನ ಮೇಲಿನ ಜಾಗ. ಒಮ್ಮೆ ನಾನೂ ಓಡಿಸಲೇ ಎಂದು ಕೇಳಿದ್ದಕ್ಕೆ ಮನೆಮಂದಿಯೆಲ್ಲ ನಕ್ಕಿದ್ದರು. ಅವಳೂ ನಕ್ಕಿದ್ದಳು. ಸಿಟ್ಟೇನೂ ಉಳಿಯಲಿಲ್ಲ, ಆಸೆಯೊಂದು ಉಳಿಯಿತು. ಮೇಲಿನ ಮಹಡಿಯ ಧನುಶ್ರೀ ಬ್ಲೌಸ್ ಹೊಲಿಸಲು ಬಂದಾಗ ಅಳತೆ ಕೊಡುತ್ತ ಕೊಡುತ್ತ ಈ ಕತೆ ಕೇಳಿದಳು. ಮೈಸೂರಿನ ಹುಡುಗಿ, ಹಿಂಜವಡಿಯ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ. ಮರುದಿನವೇ ಆ ಹಳೆಯ ಡಬ್ಬಿಗೆ ಬೇಸಾಯದ ಆಟವೊಂದನ್ನು ಹಾಕಿಕೊಟ್ಟಳು. ಅವತ್ತಿನಿಂದ ಬಸವಣ್ಣೆವ್ವ ಮಧ್ಯಾಹ್ನದ ನಿದ್ದೆ ಬಿಟ್ಟಳು.

ಈಗ ಅದೇ ಧನುಶ್ರೀ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ಒಳಗೆ ಇಣುಕಿದಳು.

"ಆಂಟಿ, ಇದ್ರಲ್ಲಿ ಗ್ರಾಫಿಕ್ಸ್ ಕಾರ್ಡೇ ಇಲ್ಲ. ಲೆಕ್ಕ ಮಾಡೋ ಚಿಪ್ಪೇ ಚಿತ್ರಾನೂ ಬಿಡಿಸ್ತಿದೆ. ಒಂದೊಂದು ತೆನೆ, ಒಂದೊಂದು ಎಲೆ, ಅದರ ನೆರಳು, ಎಲ್ಲಾ ಅದೊಂದೇ ಮಾಡ್ಬೇಕು. ಪಾಪ, ಸುಸ್ತಾಗೋಗತ್ತೆ."

"ಅಡಿಗಿ ಮಾಡಿದಾಕಿನ ಬಡಸಬೇಕು, ಬಡಿಸಿದಾಕಿನ ಮುಸುರಿ ತಿಕ್ಕಬೇಕು. ಹಂಗಾಗ್ಯದ ಇದರ ಬಾಳೇ."

"ಕರೆಕ್ಟ್! ಕೈಜೋಡಿಸೋಕೆ ಇನ್ನೊಬ್ಬಳು ಬೇಕು. ಅವಳೇ ಕಾರ್ಡು. ಆದ್ರೆ ನಿಮ್ಮ ಡಬ್ಬಿಯಲ್ಲಿ ಕರೆಂಟ್ ಕೊಡೋ ಪೆಟ್ಟಿಗೆ ಚಿಕ್ಕದು. ಅದಕ್ಕೆ ದೊಡ್ಡ ಕಾರ್ಡ್ ಹಾಕಿದ್ರೆ ಎಳೆಯಲ್ಲ. ಬೇರೆ ವೈರ್ ಕೇಳದೆ, ಕೂತ ಜಾಗದಿಂದಲೇ ಕರೆಂಟ್ ತಗೊಳ್ಳೋ ಥರದ್ದು ಬೇಕು. ಜಾಗಾನೂ ಕಮ್ಮಿ. ಉದ್ದ ಇದ್ರೆ ಮುಂದಿನ ತಗಡಿಗೆ ಬಡಿಯತ್ತೆ."

ಬಸವಣ್ಣೆವ್ವ ಹೊಲಿಗೆಯ ಟೇಪು ತಂದಳು. ಡಬ್ಬಿಯ ಒಳಗನ್ನು ಉದ್ದ, ಅಗಲ, ದಪ್ಪ ಅಳೆದಳು. ಆಮೇಲೆ ಸೀರೆ ಡಬ್ಬಿಯ ರಟ್ಟು ಹರವಿ, ತೋಳಿನ ಪ್ಯಾಟರ್ನ್ ಕತ್ತರಿಸುವ ಹಾಗೆ, ಒಳಗೆ ಸರಿಯಾಗಿ ಕೂಡುವ ತುಂಡೊಂದನ್ನು ಕತ್ತರಿಸಿ ಕೂರಿಸಿ ನೋಡಿದಳು. ಒಂದು ಕಡೆ ಚೂರು ತಾಗಿತು. ಅದನ್ನೂ ಸವರಿದಳು.

ಶನಿವಾರ ಧನುಶ್ರೀಗೆ ಆಫೀಸಿನ ಕೆಲಸ ಬಂದಿತು. "ನೀವೇ ಹೋಗಿ ಆಂಟಿ, ನಿಮಗೆಲ್ಲಾ ಗೊತ್ತಿದೆ," ಎಂದಳು. ಬ್ಲೌಸ್ ಹೊಲಿದ ದುಡ್ಡು ಪರ್ಸಿನಲ್ಲಿ, ರಟ್ಟಿನ ತುಂಡು ಚೀಲದಲ್ಲಿ ಇಟ್ಟುಕೊಂಡು ಬಸವಣ್ಣೆವ್ವ ಹೊರಟಳು. ಹೊಳಬಸಪ್ಪನೂ ಚಪ್ಪಲಿ ಮೆಟ್ಟಿದ. ಖರೀದಿ ಎಂದರೆ ಅದು ಅವನ ಇಲಾಖೆ. ಮನೆಗೆ ಫ್ರಿಜ್ಜಿನಿಂದ ಹಿಡಿದು ಇಸ್ತ್ರಿ ಪೆಟ್ಟಿಗೆಯ ತನಕ ಆರಿಸಿ, ಚೌಕಾಶಿ ಮಾಡಿ ತಂದವನು ಅವನೇ. ಮೆಟ್ರೋದಲ್ಲಿ ಕೂತು ಬುಧವಾರ ಪೇಟೆಯ ಹತ್ತಿರ ಇಳಿದು, ವೈರು, ಬಲ್ಬು, ಸ್ಪೀಕರುಗಳ ಅಂಗಡಿ ಸಂದಿಯಲ್ಲಿ ನುಗ್ಗಿ, ಗೋಡೆಯ ತುಂಬ ಕಾರ್ಡಿನ ಡಬ್ಬಿಗಳನ್ನು ಪೇರಿಸಿಟ್ಟ ಅಂಗಡಿಯೊಂದರ ಮುಂದೆ ನಿಂತರು.

"ಯಾ ಕಾಕಾ, ಕಾಯ್ ದಾಖವೂ?" ಮಾಲೀಕ ಹೊಳಬಸಪ್ಪನನ್ನೇ ನೋಡಿ ಕೇಳಿದ, ಏನು ತೋರಿಸಲಿ ಎಂದು.

ಹೊಳಬಸಪ್ಪ ಮರಾಠಿಯಲ್ಲೇ ವಿಷಯ ಹೇಳಿದ. ಮಾಲೀಕ ಮೊದಲು ಇಳಿಸಿದ್ದು ಮೂರು ಫ್ಯಾನಿನ ಒಂದು ದೈತ್ಯ ಕಾರ್ಡು. ಬೇರೆಯವರು ಬಳಸಿಬಿಟ್ಟದ್ದು, ಅದಕ್ಕೇ ಅಗ್ಗ. ಹೊಳಬಸಪ್ಪ ಅದನ್ನು ಅಂಗೈ ಮೇಲಿಟ್ಟು ಮೇಲೆ ಕೆಳಗೆ ತೂಗಿದ. ಜೀವಮಾನವೆಲ್ಲ ಕಬ್ಬಿಣ ಮಾರಿದವನ ಮುಖ ಅರಳಿತು.

"ನೋಡು, ಇದಕ್ಕಂತಾರ ಮಾಲು! ಕೇಜಿ ಮ್ಯಾಲೆ ಬರ್ತದ. ಇದನ್ನ ತಗೊಳೋಣು."

"ತೂಕ ನೋಡಿ ತಗೊಳ್ಳಾಕ ಇದೇನ ಮೊಳೀ ಏನ್ರಿ?" ಬಸವಣ್ಣೆವ್ವ ಚೀಲದಿಂದ ರಟ್ಟಿನ ತುಂಡು ತೆಗೆದು ಆ ಕಾರ್ಡಿನ ಪಕ್ಕಕ್ಕೆ ಹಿಡಿದಳು. ಕಾರ್ಡು ಗೇಣುದ್ದ ಹೊರಗೆ ಚಾಚಿತು. "ಒಳಗ ಕೂಡೂದುಲ್ಲ. ಕೂತರೂ ಇದಕ್ಕ ಬ್ಯಾರೆ ವೈರು ಬೇಕು, ನಮ್ಮ ಪೆಟ್ಟಿಗ್ಯಾಗ ಅಷ್ಟ ತಾಕತ್ತಿಲ್ಲ."

ಅಂಗಡಿಯವ ಒಮ್ಮೆಲೇ ಕಣ್ಣರಳಿಸಿದ. "ಅಯ್ಯ, ಕನ್ನಡದವರೇನ್ರಿ? ನಮ್ಮ ಮನ್ಯಾಗೂ ಕನ್ನಡಾನರಿ! ನಾ ಬಿಂದುಮಾಧವ. ನಮ್ಮಜ್ಜನ ಕಾಲಕ್ಕ ಇಲ್ಲಿಗೆ ಬಂದೀವಿ. ಕೂಡ್ರಿ, ಕೂಡ್ರಿ." ಸ್ಟೂಲುಗಳು ಬಂದವು, ಚಹಾ ಬಂತು. ರಟ್ಟಿನ ತುಂಡನ್ನು ಇಸಿದುಕೊಂಡು ತಿರುವಿ ತಿರುವಿ ನೋಡಿ, "ಇಂಥಾ ಗಿರಾಕಿ ನಾ ಕಂಡಿದ್ದಿಲ್ರಿ," ಎಂದು ಬಾಯ್ತುಂಬ ನಕ್ಕ.

ಆಮೇಲೆ ಎರಡು ಚಿಕ್ಕ ಕಾರ್ಡುಗಳನ್ನು ಗಾಜಿನ ಮೇಲೆ ಇಟ್ಟ. ಎರಡೂ ರಟ್ಟಿನ ಅಳತೆಯೊಳಗೇ ಬಂದವು. ಎರಡಕ್ಕೂ ಬೇರೆ ವೈರು ಬೇಡ.

"ಇವೆರಡಕ್ಕ ಏನ ಫರಕು?" ಬಸವಣ್ಣೆವ್ವ ಕೇಳಿದಳು.

"ಇದು ರೇಟಿನ್ಯಾಗ ಕಮ್ಮಿರಿ. ಹೊಸಾ ಕಂಪ್ಯೂಟರಿನ್ಯಾಗ ಛಲೋ ಓಡ್ತದ. ನಿಮ್ಮಂಥಾ ಹಳೇದ್ರಾಗ ಹಾಕಿದ್ರ ಇದಕ್ಕ ದಾರಿ ಇಕ್ಕಟ್ಟ ಆಗ್ತದ, ಪೂರಾ ಓಡೂದುಲ್ಲ. ಇನ್ನೊಂದು ಸ್ವಲ್ಪ ತುಟ್ಟಿ. ಆದ್ರ ನೆನಪಿನ ಜಾಗಾ ದೊಡ್ಡದು, ಹಳೇದ್ರಾಗೂ ಹೊಂದ್ಕೊಂಡು ಹೋಗ್ತದ. ಏನಂತೀರಿ ಕಾಕಾ?"

ಹೊಳಬಸಪ್ಪ ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು ನೋಡಿದ. ಎರಡೂ ಹಗುರ. ಅವನ ನಲವತ್ತು ವರ್ಷದ ವ್ಯಾಪಾರದ ವಿದ್ಯೆ ಇಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ಪಕ್ಕದಲ್ಲಿ ಹೆಂಡತಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ರೈತರ ಗತ್ತಿನಲ್ಲಿ ಆ ಪುಟ್ಟ ಫ್ಯಾನನ್ನು ಬೆರಳಿನಿಂದ ತಿರುಗಿಸುತ್ತಿದ್ದಳು. ಅವನು ಕಾರ್ಡುಗಳನ್ನು ಅವಳ ಮುಂದೆ ಸರಿಸಿದ.

"ನನ್ನ ಕೇಳಬ್ಯಾಡ್ರಿ. ಟ್ರ್ಯಾಕ್ಟರ್ ಓಡಸಾಕಿ ಆಕಿ. ಆಕಿ ಹೇಳಿದ್ದ ಖರೆ."

ಬಸವಣ್ಣೆವ್ವನಿಗೆ ಕಿವಿಯ ತುದಿ ಬಿಸಿಯಾಯಿತು. ಮದುವೆಯಾದಂದಿನಿಂದ ಅಂಗಡಿ ಕಟ್ಟೆಯ ಮುಂದೆ ಗಂಡ ಈ ಮಾತು ಆಡಿದ್ದು ಅವಳಿಗೆ ನೆನಪಿರಲಿಲ್ಲ. ಫೋನು ತೆಗೆದು ಧನುಶ್ರೀಯನ್ನು ಕೇಳಲೇ ಎನ್ನಿಸಿತು. ಬೇಡ ಎಂದುಕೊಂಡಳು.

"ತುಟ್ಟೀದ ಕೊಡ್ರಿ," ಎಂದಳು. "ಸುಗ್ಗ್ಯಾಗ ನಿಂತ ಹೋಗೂ ಯಂತ್ರ ನನಗ ಬ್ಯಾಡ."

ಚೌಕಾಶಿಯನ್ನು ಮಾತ್ರ ಹೊಳಬಸಪ್ಪ ಬಿಟ್ಟುಕೊಡಲಿಲ್ಲ. ಅಜ್ಜ, ಮುತ್ತಜ್ಜ, ಕನ್ನಡ, ಚಹಾ ಎಲ್ಲವನ್ನೂ ನಡುವೆ ತಂದು, ಕಡೆಗೆ ಧೂಳು ಹೊಡೆಯುವ ಬ್ರಶ್ಶೊಂದನ್ನು ಪುಕ್ಕಟೆ ಗಿಟ್ಟಿಸಿಕೊಂಡು ಗೆದ್ದ ಮುಖದಲ್ಲಿ ಹೊರಬಂದ. ಮೆಟ್ರೋದಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ ಬಸವಣ್ಣೆವ್ವ ದಾರಿಯುದ್ದಕ್ಕೂ ಅದರ ಮೇಲಿಂದ ಕೈ ತೆಗೆಯಲಿಲ್ಲ.

ಸಂಜೆ ಧನುಶ್ರೀ ಇಳಿದು ಬಂದಳು. ಪುಕ್ಕಟೆ ಬ್ರಶ್ಶಿನಿಂದ ಅಂಗಡಿಯ ಕಾಲದ ಕಬ್ಬಿಣದ ಧೂಳೆಲ್ಲ ಹೋಯಿತು. ಕಾರ್ಡು ಟಕ್ ಎಂದು ಕೂತಿತು. ಹಿಂದಿನ ವೈರುಗಳನ್ನು ನಾನೇ ಹಾಕುತ್ತೇನೆಂದು ಬಸವಣ್ಣೆವ್ವ ಹಟ ಹಿಡಿದು ಹಾಕಿದಳು. ಬಟನ್ ಒತ್ತಿದರು. ಫ್ಯಾನು ತಿರುಗಿತು. ತೆರೆ ಮಾತ್ರ ಕಪ್ಪಗೇ ಇತ್ತು.

ಮತ್ತೆ ಆರಿಸಿ ಹಚ್ಚಿದರು. ಕಪ್ಪು. ಹೊಳಬಸಪ್ಪ ಮೆಲ್ಲಗೆ ಬಂದು, "ಇರಲಿ ಬಿಡು, ನಾಳೆ ಬಿಂದುಮಾಧವನ ಕಡೆ ಹೋಗೋಣು, ಬದಲಿ ಮಾಡಿ ಕೊಡ್ತಾನ," ಎಂದು ಹೆಂಡತಿಯ ಹೆಗಲು ಮುಟ್ಟಿದ.

ಆಕೆ ಕೇಳಿಸಿಕೊಳ್ಳಲಿಲ್ಲ. ಕಂಪ್ಯೂಟರಿನ ಹಿಂದೆ ಬಗ್ಗಿ ನೋಡುತ್ತಿದ್ದವಳು ತಟ್ಟನೆ ಹಣೆ ಚಚ್ಚಿಕೊಂಡಳು. "ಅಯ್ಯ ನನ್ನ ಬುದ್ಧಿಗಿಷ್ಟು! ತೆರೀ ವೈರು ರೂಢಿ ಮ್ಯಾಲೆ ಹಳೆ ತೂತಿಗೇ ಚುಚ್ಚೀನಿ. ಚಿತ್ರಾ ಬಿಡಸಾಕಿ ಈಗ ಹೊಸಾಕಿ ಅಲ್ಲೇನ ಧನು?"

"ಹೌದಲ್ವಾ! ಕಾರ್ಡಿಗೆ ಹಾಕಿ ಆಂಟಿ, ಕಾರ್ಡಿಗೆ!"

ವೈರು ಬದಲಾಯಿತು. ತೆರೆ ಬೆಳಗಿತು. ಧನುಶ್ರೀ ಕುಣಿದೇಬಿಟ್ಟಳು.

ಆಟ ತೆರೆದಾಗ ಜೋಳದ ಹೊಲ ಹಿಂದೆ ನಿಂತಲ್ಲೇ ನಿಂತು ಕಾಯುತ್ತಿತ್ತು. ಬಸವಣ್ಣೆವ್ವ ಟ್ರ್ಯಾಕ್ಟರು ಮುಂದೆ ಬಿಟ್ಟಳು. ಸಾಲು ಹಿಡಿಯಿತು. ನಿಲ್ಲಲಿಲ್ಲ. ಒಂದೊಂದು ತೆನೆಯೂ ಬೇರೆ ಬೇರೆಯಾಗಿ ಬಾಗಿ ಬಿತ್ತು. ಗಾಳಿಗೆ ಎಲೆ ಮಗುಚಿದರೆ ಕೆಳಗಿನ ಬಿಳಿ ಬೆನ್ನೂ ಕಂಡಿತು. ಬದುವಿನ ತನಕ ಹೋಗಿ, ತಿರುಗಿಸಿ, ಮತ್ತೆ ಬಂದಳು. ಒಂದು ಸಾಲೂ ಡೊಂಕಾಗಲಿಲ್ಲ. ಆ ಕಡೆಯಿಂದ ಬಿಸಿಲು ಬಿದ್ದಾಗ ಟ್ರ್ಯಾಕ್ಟರಿನ ನೆರಳು ಹೊಲದ ಮೇಲೆ ಉದ್ದಕ್ಕೆ ಚಾಚಿತು. ಓಡಿಸುವವಳ ನೆರಳೂ ಅದರೊಳಗಿತ್ತು. ಅದನ್ನು ಕಂಡು ಬಸವಣ್ಣೆವ್ವ ಗಟ್ಟಿಯಾಗಿ ನಕ್ಕಳು, ಹುಡುಗಿಯ ಹಾಗೆ.

"ಸರಿ ಸ್ವಲ್ಪ," ಎಂದ ಹೊಳಬಸಪ್ಪ, ಎಷ್ಟೋ ಹೊತ್ತಿನಿಂದ ಕುರ್ಚಿಯ ಹಿಂದೆ ನಿಂತವನು. "ಒಂದ ಸಾಲು ನಾನೂ ನೋಡ್ತೀನಿ."

"ಬರ್ತದೇನ ನಿಮಗ?"

"ಟೆಂಪೋ ಓಡಿಸಿದಾಂವ ನಾ. ಇದೇನ ಮಹಾ?"

ಕೂತವನೇ ಕೀಲಿಮಣೆಯ ಒಂದು ಕೀಲಿ ಗಟ್ಟಿಯಾಗಿ ಒತ್ತಿದ. ಟ್ರ್ಯಾಕ್ಟರು ಜೋಳ ಬಿಟ್ಟು, ಬೇಲಿ ಮುರಿದು, ಪಕ್ಕದ ಕೋಳಿಗಳನ್ನು ಚೆದರಿಸಿ, ಸೀದಾ ಕಾಲುವೆಗೆ ಇಳಿಯಿತು. ನೀರು ಚಿಮ್ಮಿದ್ದು ಹನಿಹನಿಯಾಗಿ ಹೊಳೆಯಿತು.

"ನೀರು ನೋಡು ಎಷ್ಟ ಛಂದ ಕಾಣತದ!" ಎಂದ ಹೊಳಬಸಪ್ಪ, ಗಾಬರಿ ಮುಚ್ಚಿಕೊಳ್ಳಲು.

ಧನುಶ್ರೀ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಬಸವಣ್ಣೆವ್ವ ಗಂಡನ ಕೈಯ ಮೇಲೆ ಕೈಯಿಟ್ಟು, ಸರಿಯಾದ ಕೀಲಿಗೆ ಅವನ ಬೆರಳು ಒಯ್ದಳು.

"ಹಿಂದಕ್ಕ ತಗೋರಿ. ಸಾವಕಾಶ... ಹಾಂ, ಹಂಗ. ಈಗ ಎಡಕ್ಕ ಹೊಳ್ಳಸ್ರಿ."